ನಿಮ್ಮ ಮನೆಯವರು ಅಂದ್ರೆ ಯಾರ್ಯಾರು?

ಕೆಲಸಕ್ಕೆ ಅಂತ ಹುಬ್ಬಳ್ಳಿಗೆ ಬಂದಾಗಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ‘ನಿಮ್ಮದು ಕೂಡು ಕುಟುಂಬ ಅಂತೀರಿ. ಹಂಗಾರ ಅದ್ರಾಗ ಮನಿಯವ್ರು ಯಾರು, ಬೀಗರು-ಬಿಜ್ಜರು ಯಾರು?’

ಬೆಳಿಗ್ಗೆ ರೊಟ್ಟಿ ಲೆಕ್ಕದಲ್ಲಿ ಯಾರು ತಾವಾಗಿಯೇ ಬಂದು ಸೇರುತ್ತಾರೋ, ಅವರೆಲ್ಲ ಮನೆಯವರು.

ಗದಗ ಹತ್ತಿರದ ನಮ್ಮ ಹಳ್ಳಿಯಲ್ಲಿ ಈ ಲೆಕ್ಕ ದೊಡ್ಡವ್ವನದು. ಐದು ಗಂಟೆಗೆ ಜೋಳದ ಹಿಟ್ಟಿನ ಡಬ್ಬಿ ತೆಗೆದು ಬೆರಳು ಮಡಚುತ್ತಾಳೆ. ದೊಡ್ಡಪ್ಪನಿಗೆ ಮೂರು. ಹೊಲದ ಬುತ್ತಿಗೆ ಎಂಟು. ಅತ್ತಿಗೆ, ಅಂದರೆ ನಮ್ಮ ಸೋದರತ್ತೆಗೆ, ಒಂದೂವರೆ, ಅದೂ ಬಿಸಿ ಇರುವಾಗಲೇ. ಕಟಕ್ ರೊಟ್ಟಿ ಆಕೆಯ ಹಲ್ಲಿಗೆ ಆಗುವುದಿಲ್ಲ. ಯಾರಾದರೂ ಬಂದರೆ ಅಂತ ನಾಲ್ಕು ಜಾಸ್ತಿ.

2011ರ ಜನಗಣತಿಗೆ ಬಂದ ಮಾಸ್ತರರು ಗ್ಯಾಸು, ಕಟ್ಟಿಗೆ ಒಲೆ ಎರಡನ್ನೂ ನೋಡಿ ‘ಎರಡು ಸಂಸಾರ ಏನ್ರಿ?’ ಅಂದರು. ‘ಒಲಿ ಎರಡ್ರೀ, ಅಡಗಿ ಒಂದ’ ಅಂದಳು ದೊಡ್ಡವ್ವ. ಜನಗಣತಿಯ ಲೆಕ್ಕವೂ ಅದೇ ಅಲ್ವಾ? ಒಟ್ಟಿಗಿದ್ದು ಒಂದೇ ಅಡುಗೆ ಉಂಡರೆ ಒಂದು ಕುಟುಂಬ.

ಅತ್ತಿ ಅಂದರೆ ಅಪ್ಪನ ಅಕ್ಕ. ಮಾವ ತೀರಿಕೊಂಡ ಮೇಲೆ ಒಂದು ಟ್ರಂಕು ಹಿಡಿದು ತವರಿಗೆ ಬಂದವಳು. ಇಲ್ಲಿ ನನ್ನದೊಂದು ಗಟ್ಟಿ ಮಾತಿದೆ. ಎಷ್ಟೋ ಮನೆಗಳಲ್ಲಿ ಇಂಥ ಅತ್ತಿಗೆ ರೊಟ್ಟಿ ಇರುತ್ತದೆ, ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರಿರುವುದಿಲ್ಲ. ಪ್ರೀತಿಯಿಂದಲೇ ಕೂರಿಸಿ ಹಕ್ಕು ಬಿಟ್ಟೆ ಅಂತ ಸಹಿ ಹಾಕಿಸಿಕೊಳ್ಳುತ್ತಾರೆ. 1994ರಲ್ಲಿ ನಮ್ಮ ರಾಜ್ಯದ ಕಾನೂನು ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಅತ್ತಿ ಅಂಥವಳೇ. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಕಟ್ಟು ಇಲ್ಲ. ಹಾಗಿದ್ದರೂ ನಮ್ಮ ಮನೆಯಲ್ಲಿ ಈ ಮಾತು ಎತ್ತಲು ವರ್ಷಗಳೇ ಹಿಡಿದವು. ಎತ್ತಿದವಳು ದೊಡ್ಡವ್ವ. ‘ಆಕಿ ಬಡಿದ ರೊಟ್ಟಿ ಉಂಡೀರಿ, ಆಕಿ ಪಾಲು ಯಾಕ ನುಂಗ್ತೀರಿ?’ ಅಂತ ಪಡಸಾಲೆಯಲ್ಲಿ ಎಲ್ಲರ ಮುಂದೆ ಕೇಳಿದಳು. ಅಪ್ಪ, ದೊಡ್ಡಪ್ಪ ಸುಮ್ನೆ ಕೂತರು. ಮುಂದಿನ ವಾರ ತಹಶೀಲ್ದಾರ್ ಕಚೇರಿಗೆ ಹೋದರು. ಈಗ ಎರಡೆಕರೆ ಅತ್ತಿಯ ಹೆಸರಲ್ಲಿದೆ.

ಕಳೆದ ಸೀಗಿ ಹುಣ್ಣಿಮೆಗೆ ಚರಗ ಚೆಲ್ಲಲು, ಅಂದರೆ ಹೊಲದ ಬೆಳೆಗೆ ಎಡೆ ಎರಚಲು, ಹೊರಟಿದ್ದೆವು. ‘ಮೊದಲ ನನ್ನ ಹೊಲಕ್ಕ ಹೋಗೂಣು’ ಅಂದಳು ಅತ್ತಿ. ‘ನನ್ನ ಹೊಲ’ ಅನ್ನೋ ಮಾತು ಆಕೆಯ ಬಾಯಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ. ದೊಡ್ಡವ್ವ ತನ್ನ ತಲೆಯ ಮೇಲಿದ್ದ ಕಡುಬಿನ ಬುಟ್ಟಿ ಇಳಿಸಿ, ಆಕೆಯ ತಲೆಯ ಮೇಲಿಟ್ಟಳು.