ಹುಲ್ಲು ಇನ್ನೂ ಉಳಿದಿರುವಾಗಲೇ ದನ ಹೊರಗೆ

ಬೆಳೆಯೂ ಇದ್ದು ಮಾಂಸಕ್ಕಾಗಿ ಸಾಕಿದ ದನವೂ ಇರುವ ಜಮೀನಿನಲ್ಲಿ ದಿನಾ ಬೆಳಿಗ್ಗೆ ಏಳುವ ಪ್ರಶ್ನೆ, "ಇವತ್ತು ದನ ಎಲ್ಲಿಗೆ ಬಿಡೋದು?" ಬಿಟ್ಟ ದನವನ್ನು ಅಲ್ಲಿಂದ ಯಾವಾಗ ಹೊರಗೆ ಹಾಕೋದು ಅಂತ ಕೇಳುವವರು ಕಡಿಮೆ. ಹುಲ್ಲುಗಾವಲು ಹಾಳಾಗುವುದು, ಗೋಧಿಯ ಇಳುವರಿ ಬೀಳುವುದು, ಕೂಳೆ ಹೊಲದಲ್ಲಿ ದನ ಕಾಯಿಲೆ ಬೀಳುವುದು, ಇವೆಲ್ಲ ಹೆಚ್ಚಾಗಿ ಈ ಎರಡನೇ ಪ್ರಶ್ನೆಯನ್ನು ತಡವಾಗಿ ಕೇಳಿದ್ದರ ಫಲ.

ಮೊದಲು ಹುಲ್ಲು. ಗರಿ ಇದ್ದರೆ ತಾನೇ ಹುಲ್ಲು ಬಿಸಿಲಿನಿಂದ ಆಹಾರ ಮಾಡಿಕೊಳ್ಳುವುದು. ಗರಿಯನ್ನೆಲ್ಲ ಮೇಯಿಸಿಬಿಟ್ಟರೆ ಗಿಡ ಬುಡದಲ್ಲಿ ಕೂಡಿಟ್ಟದ್ದನ್ನು ತೆಗೆದು ಚಿಗುರಬೇಕು, ಅಷ್ಟು ದಿನ ಬೇರು ಬೆಳೆಯುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಫ್ರಾಂಕ್ಲಿನ್ ಕ್ರೈಡರ್ 1955ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಅಳೆದು ತೋರಿಸಿತು. ಮೇಲ್ಭಾಗದ ಅರ್ಧದಷ್ಟು ಕತ್ತರಿಸಿದಾಗ ಬೇರಿಗೆ ಹೆಚ್ಚೇನೂ ಆಗಲಿಲ್ಲ. ಶೇ 80 ಕತ್ತರಿಸಿದಾಗ ಬೇರಿನ ಬೆಳವಣಿಗೆ 12 ದಿನ ನಿಂತಿತು, ಶೇ 90ಕ್ಕೆ 17 ದಿನ. ಹೆಚ್ಚಿಗೆ ಎರಡು ದಿನ ಮೇಯಿಸಿ ಎರಡು ವಾರದ ಬೆಳವಣಿಗೆ ಕಳೆದುಕೊಳ್ಳುವ ಲೆಕ್ಕ ಇದು.

ಎಷ್ಟು ಉಳಿಸಬೇಕು ಅನ್ನುವುದು ಹುಲ್ಲಿನ ಜಾತಿಯ ಮೇಲೆ ನಿಂತಿದೆ. ಫೆಸ್ಕ್ಯೂ, ಆರ್ಚರ್ಡ್ ಹುಲ್ಲಿನಂಥವು 20-25 ಸೆಂ.ಮೀ. ಆದಾಗ ದನ ಒಳಗೆ, 8-10 ಸೆಂ.ಮೀ.ಗೆ ಇಳಿದಾಗ ಹೊರಗೆ. ನೆಲಕ್ಕೆ ಹಬ್ಬುವ ಗರಿಕೆ ಜಾತಿಗಳು ಗಟ್ಟಿ, 5-8 ಸೆಂ.ಮೀ.ವರೆಗೂ ತಡೆಯುತ್ತವೆ. ಬ್ರಕಿಯಾರಿಯಾ ಹುಲ್ಲು 30ಕ್ಕೆ ಒಳಗೆ, 15ಕ್ಕೆ ಹೊರಗೆ. ಗುಂಪಾಗಿ ಎತ್ತರ ಬೆಳೆಯುವ ನೇಪಿಯರ್ ಒಂದು ಮೀಟರ್ ಹತ್ತಿರ ಬಂದಾಗ ಬಿಟ್ಟು, 45-50ಕ್ಕೆ ನಿಲ್ಲಿಸಬೇಕು. ಅಳೆಯುವಾಗ ಎಳೆದು ಹಿಡಿದ ಗರಿಯ ತುದಿ ನೋಡಬೇಡಿ, ಹುಲ್ಲು ತಾನಾಗಿ ನಿಂತಿರುವ ಎತ್ತರ ನೋಡಿ. ಬೇಲಿಯ ಪಕ್ಕ ಒಂದೇ ಕಡೆ ನಿಂತು ಅಳೆದರೆ ಪ್ರಯೋಜನವಿಲ್ಲ. ತಾಕಿನ, ಅಂದರೆ ಬೇಲಿ ಹಾಕಿ ಬೇರೆ ಮಾಡಿದ ಗಾವಲಿನ ತುಂಡಿನ, ಉದ್ದಕ್ಕೂ ನಡೆಯುತ್ತ ಇಪ್ಪತ್ತು ಮೂವತ್ತು ಕಡೆ ಅಳೆದು ಸರಾಸರಿ ತೆಗೆಯಿರಿ. ಸಗಣಿ ಬಿದ್ದ ಜಾಗದ ಸುತ್ತ ದನ ಬಾಯಿ ಹಾಕದೆ ಹುಲ್ಲು ಎತ್ತರ ನಿಂತಿರುತ್ತದೆ, ಅದನ್ನು ಸೇರಿಸಬೇಡಿ.

ಈಗ ಲೆಕ್ಕ. ಸರಾಸರಿ 450 ಕೆಜಿಯ 30 ಹಸು ಅಂದುಕೊಳ್ಳಿ. ಒಂದು ಹಸು ದಿನಕ್ಕೆ ತನ್ನ ತೂಕದ ಶೇ 2.5ರಷ್ಟು ಒಣ ಪದಾರ್ಥ (ನೀರಿನಂಶ ಬಿಟ್ಟ ಮೇವು) ತಿನ್ನುತ್ತದೆ, ಅಂದರೆ 11 ಕೆಜಿ. ಹಿಂಡಿಗೆ 330 ಕೆಜಿ. ಸಾಧಾರಣ ದಟ್ಟಣೆಯ ಹುಲ್ಲಿನಲ್ಲಿ ಹೆಕ್ಟೇರಿಗೆ ಪ್ರತಿ ಸೆಂಟಿಮೀಟರ್ ಎತ್ತರಕ್ಕೆ ಸುಮಾರು 100 ಕೆಜಿ ಒಣ ಪದಾರ್ಥ ಇರುತ್ತದೆ. 22ರಿಂದ 10 ಸೆಂ.ಮೀ.ಗೆ ಇಳಿಸಿದರೆ 1200 ಕೆಜಿ. ತುಳಿತಕ್ಕೆ, ಸಗಣಿಗೆ ಕಾಲು ಭಾಗ ಹೋಗುತ್ತದೆ, ಬಾಯಿಗೆ ಸೇರುವುದು 900. ಹಾಗಾಗಿ ದಿನಕ್ಕೆ 0.37 ಹೆಕ್ಟೇರ್ ಬೇಕು, ಎರಡು ದಿನದ ತಾಕಾದರೆ 0.73. ಆ 100 ಕೆಜಿ ಅನ್ನುವುದು ನಿಮ್ಮ ಹುಲ್ಲಿಗೆ ಹೊಂದುತ್ತದೋ ಇಲ್ಲವೋ ನೋಡಲು ಅರ್ಧ ಮೀಟರ್ ಚೌಕದ ಒಂದು ಚೌಕಟ್ಟು ಸಾಕು. ದನ ಬಿಡುವ ಮುಂಚೆ ಅದರೊಳಗಿನ ಹುಲ್ಲನ್ನು ಎಷ್ಟು ಉಳಿಸಬೇಕೋ ಅಷ್ಟು ಎತ್ತರಕ್ಕೆ ಕೊಯ್ದು, ಒಣಗಿಸಿ ತೂಗಿ, ಗ್ರಾಂ ಅನ್ನು 40ರಿಂದ ಗುಣಿಸಿದರೆ ಹೆಕ್ಟೇರಿಗೆ ಎಷ್ಟು ಕೆಜಿ ಅಂತ ಬರುತ್ತದೆ. 30 ಗ್ರಾಂ ಬಂದರೆ 1200 ಕೆಜಿ. ಎಳೆ ಹುಲ್ಲು ಹಸಿಯಾಗಿ ಇದರ ಐದು ಪಟ್ಟು ತೂಗುತ್ತದೆ, ಅದನ್ನು ನೋಡಿ ಮೋಸ ಹೋಗಬೇಡಿ.

ತಾಕಿಗೆ ಎರಡು ದಿನ, ಮತ್ತೆ ಮೇಯಿಸುವ ತನಕ ಹುಲ್ಲಿಗೆ ಬಿಡುವು 30 ದಿನ ಅಂದರೆ 30ನ್ನು 2ರಿಂದ ಭಾಗಿಸಿ ಒಂದು ಕೂಡಿಸಿ: 16 ತಾಕು, ಒಟ್ಟು ಸುಮಾರು 12 ಹೆಕ್ಟೇರ್. ಒಂದೇ ತಾಕಿನಲ್ಲಿ ನಾಲ್ಕೈದು ದಿನ ಮೀರಿದರೆ ಮೊದಲ ದಿನ ಕಚ್ಚಿದ ಗಿಡ ಚಿಗುರಿರುತ್ತದೆ. ದನಕ್ಕೆ ಆ ಚಿಗುರೇ ಇಷ್ಟ. ಒಳ್ಳೆಯ ಹುಲ್ಲು ಎರಡು ಸಲ ಕಚ್ಚಿಸಿಕೊಂಡು ಸಾಯುತ್ತದೆ, ಬೇಡದ ಕಳೆ ಉಳಿಯುತ್ತದೆ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಮಳೆ ಕಡಿಮೆಯಾಗಿ ಅಥವಾ ಚಳಿ ಬಂದು ಹುಲ್ಲಿನ ಬೆಳವಣಿಗೆ ಕುಂಟಿತು. ತಾಕಿನಲ್ಲಿ ಹುಲ್ಲು ಕಮ್ಮಿ ಕಾಣುತ್ತದೆ, ದನ ಕೂಗುತ್ತವೆ, ಕೈ ತಾನಾಗಿ ಮುಂದಿನ ಗೇಟಿಗೆ ಹೋಗುತ್ತದೆ. ಎರಡು ದಿನದ ತಾಕು ಒಂದೇ ದಿನಕ್ಕೆ ಮುಗಿಯಿತು, 30 ದಿನದ ಬಿಡುವು 15ಕ್ಕೆ ಇಳಿಯಿತು. ಅದೂ ಹುಲ್ಲಿಗೆ 45 ದಿನ ಬೇಕಾದ ಹೊತ್ತಿನಲ್ಲಿ. ಎರಡೇ ಸುತ್ತಿನಲ್ಲಿ ಇಡೀ ಗಾವಲು ಬೋಳು. ನಿಧಾನ ಬೆಳೆಯುವ ಹುಲ್ಲಿಗೆ ನಿಧಾನದ ಸುತ್ತು ಬೇಕು: 16 ತಾಕು, ತಲಾ ಮೂರು ದಿನ, ಬಿಡುವು 45. ಆದರೆ ತಾಕಿನಲ್ಲಿರುವುದು ಎರಡು ದಿನದ ಮೇವು, ಮೂರನೇ ದಿನದ 330 ಕೆಜಿ ಹೊರಗಿನಿಂದ ಬರಬೇಕು. ಬರೀ ಗಾವಲು ಇರುವವರು ಒಣಹುಲ್ಲು ಕೊಳ್ಳುತ್ತಾರೆ ಇಲ್ಲವೇ ದನ ಮಾರುತ್ತಾರೆ. ಬೆಳೆಯೂ ಇರುವವರಿಗೆ ಕೂಳೆ ಹೊಲ ಇದೆ.

ಮೆಕ್ಕೆಜೋಳದ ಕೂಳೆಯನ್ನೇ ನೋಡಿ. ಕಾಳಿನ ತೂಕದ ಶೇ 28ರಷ್ಟು ಗರಿ ಮತ್ತು ತೆನೆಯ ಹೊದಿಕೆ ಹೊಲದಲ್ಲಿ ಬಿದ್ದಿರುತ್ತದೆ. ಹೆಕ್ಟೇರಿಗೆ 8 ಟನ್ ಕಾಳು ಬಂದಿದ್ದರೆ 2.2 ಟನ್. ಅದರಲ್ಲಿ ಅರ್ಧ ಮಾತ್ರ ನಿಮ್ಮದು, ಉಳಿದದ್ದು ಮಣ್ಣಿನ ಹೊದಿಕೆಗೆ. 1.1 ಟನ್ ಅಂದರೆ ಈ ಹಿಂಡಿಗೆ ಹೆಕ್ಟೇರಿಗೆ ಮೂರು ದಿನದ ಮೇಲೆ ಸ್ವಲ್ಪ. 5 ಹೆಕ್ಟೇರ್ ಇದ್ದರೆ ಗಾವಲಿಗೆ 16 ದಿನದ ಬಿಡುವು ಸಿಕ್ಕಿತು.

ದನ ಕೂಳೆಯಲ್ಲಿ ಮೊದಲು ತಿನ್ನುವುದು ಉದುರಿದ ತೆನೆ, ಆಮೇಲೆ ಹೊದಿಕೆ ಮತ್ತು ಗರಿ, ಕೊನೆಗೆ ದಿಂಡು, ದಂಟು. ಮೊದಲ ವಾರ ಹಬ್ಬ, ಮೂರನೇ ವಾರ ಉಪವಾಸ. ಅದಕ್ಕೇ ಹೊಲವನ್ನೆಲ್ಲ ಒಮ್ಮೆಗೇ ಬಿಡದೆ ತಂತಿ ಎಳೆದು ಪಟ್ಟಿ ಪಟ್ಟಿಯಾಗಿ ಕೊಡುವುದು ಲೇಸು. ಬಿಡುವ ಮುಂಚೆ ನೂರು ಚದರ ಮೀಟರ್ ಜಾಗ ಗುರುತಿಸಿ ಬಿದ್ದ ತೆನೆ ಆರಿಸಿ, ಕಾಳು ಬಿಡಿಸಿ ತೂಗಿ. ಐದು ಕೆಜಿ ಬಂದರೆ ಹೆಕ್ಟೇರಿಗೆ 500 ಕೆಜಿ ಕಾಳು ಬಿದ್ದಿದೆ ಅಂತ. ಅಷ್ಟಿದ್ದರೆ ಕಾಳಿನ ರೂಢಿಯಿಲ್ಲದ ದನವನ್ನು ಹಸಿದ ಹೊಟ್ಟೆಯಲ್ಲಿ ಬಿಡುವುದು ಅಪಾಯ. ಮೆಲುಕು ಹೊಟ್ಟೆ ಹುಳಿಯೇರುತ್ತದೆ, ಹುಳಿ ವಾಸನೆಯ ತೆಳು ಸಗಣಿ, ಮಂಕು, ಕೆಲವು ದಿನದಲ್ಲಿ ಗೊರಸು ನೋವು. ಮೊದಲ ಕೆಲವು ದಿನ ಹೊಟ್ಟೆ ತುಂಬ ಒಣಹುಲ್ಲು ತಿನ್ನಿಸಿ ಒಂದೆರಡು ಗಂಟೆ ಮಾತ್ರ ಬಿಡಿ. ಇನ್ನು ಗರಿ, ಹೊದಿಕೆಗಳಲ್ಲಿ ಪ್ರೋಟೀನ್ ಶೇ 5-6 ಅಷ್ಟೇ. ಹಾಲು ಬತ್ತಿದ ಗಬ್ಬದ ಹಸುವಿಗೇ ಶೇ 7ರಷ್ಟು ಬೇಕು. ಹಿಂಡಿ ಸ್ವಲ್ಪ ಕೊಡದೆ ಬೆಳೆಯುವ ಕರುಗಳನ್ನು ಅಲ್ಲಿ ಬಿಡುವುದರಲ್ಲಿ ಅರ್ಥವಿಲ್ಲ.

ಮೇಯಿಸಿಯೂ ಕಾಳು ತೆಗೆಯುವ ಗೋಧಿಯಲ್ಲಂತೂ ಹೊರಗೆ ಹಾಕುವ ದಿನವನ್ನು ಗಿಡವೇ ಹೇಳುತ್ತದೆ, ಕೇಳಿಸಿಕೊಳ್ಳಬೇಕು ಅಷ್ಟೆ. ಒಳಗೆ ಬಿಡುವಾಗ ಒಂದು ಹಿಡಿ ಹಿಡಿದು ಎಳೆಯಿರಿ: ಗರಿ ಕಿತ್ತು ಬುಡ ನೆಲದಲ್ಲೇ ಉಳಿದರೆ ಸರಿ, ಗಿಡವೇ ಬೇರು ಸಮೇತ ಬಂದರೆ ಕಾಯಿರಿ. ಹೊರಗೆ ತೆಗೆಯಲು ಕಾಂಡ ಸೀಳಿ ನೋಡಬೇಕು. ಗಿಡವನ್ನು ಬುಡಸಮೇತ ಕಿತ್ತು ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ, ಒಳಗೆ ಎಳೆಯ ತೆನೆ ಕಾಣುತ್ತದೆ. ಅದರ ಕೆಳಗೆ ಕಾಂಡ ಟೊಳ್ಳಾಗತೊಡಗಿ ಆ ಟೊಳ್ಳು ಒಂದೂವರೆ ಸೆಂಟಿಮೀಟರ್ ಆಯಿತೆಂದರೆ ಅವತ್ತೇ ದನ ಆಚೆ. ಅಲ್ಲಿಂದಾಚೆ ಹುಲ್ಲಿನ ಜೊತೆ ತೆನೆಯನ್ನೂ ಮೇಯಿಸುತ್ತೀರಿ. ಸೀಳುವ ಗಿಡ ಬೇಲಿಯ ಹೊರಗಿನ, ಮೇಯದ, ಅದೇ ತಳಿಯ ಗಿಡವಾಗಿರಬೇಕು. ಮೇಯ್ದ ಗಿಡದಲ್ಲಿ ಟೊಳ್ಳು ತಡವಾಗಿ ಕಾಣುತ್ತದೆ, ಇನ್ನೂ ಸಮಯವಿದೆ ಅನ್ನಿಸಿಬಿಡುತ್ತದೆ. ಎಳೆಗರು ಇರುವ ಹಸುಗಳಿಗೆ ಈ ಸೊಂಪಾದ ಗೋಧಿಯಲ್ಲಿ ಮೆಗ್ನೀಷಿಯಂ ಕೊರತೆಯಾಗಿ ಸೆಳೆತ ಬರುವುದುಂಟು. ತಡವರಿಸುತ್ತ ನಡೆದು ಬಿದ್ದರೆ ಬದುಕುವುದು ಕಷ್ಟ. ಬಿಡುವ ಎರಡು ವಾರ ಮುಂಚಿನಿಂದಲೇ ಹಸುವಿಗೆ ದಿನಕ್ಕೆ 30 ಗ್ರಾಂ ಮೆಗ್ನೀಷಿಯಂ ಆಕ್ಸೈಡ್ ಹೋಗುವಂತೆ ಖನಿಜ ಮಿಶ್ರಣ ಇಡಿ. ಪುಡಿ ಕಹಿ, ಹಿಂಡಿಯ ಪುಡಿಯಲ್ಲಿ ಬೆರೆಸಬೇಕು.

ದ್ವಿದಳ ಮೇವಿನ ಮಾತು ಬೇರೆ. ಕುದುರೆ ಮಸಾಲೆ (ಲೂಸರ್ನ್), ಕ್ಲೋವರ್ ಅರ್ಧಕ್ಕಿಂತ ಹೆಚ್ಚಿರುವ ತಾಕಿನಲ್ಲಿ ಹೊಟ್ಟೆ ಉಬ್ಬರದ ಭಯ. ಹಸಿದ ದನ, ಇಬ್ಬನಿ, ಎಳೆ ಸೊಪ್ಪು, ಈ ಮೂರು ಕೂಡಿದ ದಿನ ಕೆಟ್ಟದ್ದು. ಒಣಹುಲ್ಲು ತಿನ್ನಿಸಿ, ಇಬ್ಬನಿ ಆರಿದ ಮೇಲೆ ಬಿಡಿ. ಹೊಂದಿಕೊಂಡ ಮೇಲೆ ರಾತ್ರಿ ಕೊಟ್ಟಿಗೆಗೆ ತಂದು ಬೆಳಿಗ್ಗೆ ಮತ್ತೆ ಬಿಡುವ ಪದ್ಧತಿ ಬೇಡ, ಬಿಟ್ಟರೆ ಬಿಟ್ಟೇ ಇರಲಿ. ಎಡಪಕ್ಕೆಯ ಹಳ್ಳ ತುಂಬಿ ಉಬ್ಬಿ, ದನ ಮೇಯುವುದು ನಿಲ್ಲಿಸಿದರೆ ತಕ್ಷಣ ಇಡೀ ಹಿಂಡನ್ನು ಹೊರಗೆ ಹಾಕಿ ವೈದ್ಯರನ್ನು ಕರೆಯಿರಿ. ಹೊಟ್ಟೆಯಲ್ಲಿ ಗಾಳಿಯನ್ನು ಹಿಡಿದಿಟ್ಟ ನೊರೆ ಒಡೆಯಲು ಕಾಲು ಲೀಟರಿನಿಂದ ಅರ್ಧ ಲೀಟರ್ ಅಡುಗೆ ಎಣ್ಣೆಯನ್ನು ಹೊಟ್ಟೆಗೆ ಕೊಳವೆ ಇಳಿಸಿ ಹಾಕುತ್ತಾರೆ. ನೊರೆಯ ಉಬ್ಬರದಲ್ಲಿ ಪಕ್ಕೆಗೆ ಚುಚ್ಚಿದರೂ ಗಾಳಿ ಸಲೀಸಾಗಿ ಬರುವುದಿಲ್ಲ.

ಜೋಳದ ಪೈರು, ಕೂಳೆ ಚಿಗುರು 60 ಸೆಂ.ಮೀ. ದಾಟುವ ತನಕ ದನ ಬಾಯಿ ಹಾಕಬಾರದು. ಬರದಲ್ಲಿ ಬಾಡಿದ, ಹಿಮ ಹೊಡೆದ ಪೈರಿನಲ್ಲಿ ಸೈನೈಡ್ ಹೆಚ್ಚುತ್ತದೆ, ಸಾವು ನಿಮಿಷಗಳಲ್ಲಿ. ಸಜ್ಜೆಯಲ್ಲಿ ಇದಿಲ್ಲ, ಆದರೆ ನೈಟ್ರೇಟ್ ಎಂಬ ಇನ್ನೊಂದು ವಿಷ ಇರಬಹುದು. ಸೈನೈಡ್ ಚೆನ್ನಾಗಿ ಒಣಗಿಸಿದರೆ ಇಳಿಯುತ್ತದೆ, ನೈಟ್ರೇಟ್ ಒಣಗಿಸಿದರೂ ಹಾಗೇ ಇರುತ್ತದೆ. ಅದು ಹೆಚ್ಚಿರುವುದು ದಂಟಿನ ಬುಡದಲ್ಲಿ, ಹಾಗಾಗಿ ಇಲ್ಲಿಯೂ ಬುಡದವರೆಗೆ ಮೇಯಿಸಬೇಡಿ.

ಮಳೆ ಬಂದ ದಿನ ಬೆಳೆ ಹೊಲದಲ್ಲಿ ದನ ಇದ್ದರೆ ಗೊರಸಿನ ಗುರುತು ನೋಡಿ. ಐದು ಸೆಂ.ಮೀ. ಇಳಿಯುತ್ತಿದ್ದರೆ ಹೊರಗೆ. ತುಳಿತದಿಂದ ಮಣ್ಣು ಬಿಗಿಯಾಗುವುದು ಮೇಲಿನ ನಾಲ್ಕು ಬೆರಳಿನಷ್ಟು, ಆದರೆ ಬೀಜ ಮೊಳೆಯಬೇಕಾದ್ದೂ ಅಲ್ಲಿಯೇ. ಇಂಥ ದಿನಗಳಿಗೆಂದು ಒಂದು ತಾಕನ್ನು ಕೆಡಲು ಬಿಟ್ಟುಬಿಡುವುದು ವಾಸಿ. ಹದಿನಾರು ಕೆಡುವುದಕ್ಕಿಂತ ಒಂದು ಕೆಡಲಿ. ಗಾವಲಿಗೆ ಅಮಿನೋಪೈರಾಲಿಡ್ ಇರುವ ಕಳೆನಾಶಕ ಹೊಡೆದಿದ್ದರೆ, ಅಲ್ಲಿ ಮೇಯ್ದ ದನವನ್ನು ಮೂರು ದಿನ ಔಷಧ ಬೀಳದ ಹುಲ್ಲಿನಲ್ಲಿ ಇಟ್ಟು ಆಮೇಲೆ ಬೆಳೆ ಹೊಲಕ್ಕೆ ತನ್ನಿ. ಆ ಔಷಧ ಸಗಣಿ, ಗಂಜಲದಲ್ಲಿ ಹಾಗೇ ಬಂದು ದ್ವಿದಳ ಬೆಳೆ, ಟೊಮ್ಯಾಟೊಗಳನ್ನು ಮುರುಟಿಸುತ್ತದೆ.

ಇದೆಲ್ಲ ನಡೆಯುವುದು ತಂತಿಯ ನಂಬಿಕೆಯ ಮೇಲೆ. ದೊಡ್ಡ ದನಕ್ಕೆ 80 ಸೆಂ.ಮೀ. ಎತ್ತರದಲ್ಲಿ ಒಂದೇ ಕರೆಂಟ್ ತಂತಿ ಸಾಕು, ಕರು ಇದ್ದರೆ ಕೆಳಗೆ ಇನ್ನೊಂದು. ತಂತಿಯಲ್ಲಿ 3000 ವೋಲ್ಟ್‌ಗೆ ಕಮ್ಮಿ ಇರಬಾರದು. ಕಮ್ಮಿಯಾದರೆ ಜನ ಮೊದಲು ಬೇಲಿಗೆ ಕರೆಂಟ್ ಕೊಡುವ ಯಂತ್ರವನ್ನು ಬೈಯುತ್ತಾರೆ. ತಪ್ಪು ಹೆಚ್ಚಾಗಿ ಅರ್ತಿಂಗ್‌ನದು. ಸುಮಾರು ಎರಡು ಮೀಟರ್ ಉದ್ದದ ಮೂರು ಸರಳು, ಮೂರು ಮೀಟರ್ ಅಂತರದಲ್ಲಿ, ತೇವ ಇರುವ ಕಡೆ ನೆಲಕ್ಕೆ ಹೊಡೆದಿರಬೇಕು. ಪರೀಕ್ಷೆಗೆ ಯಂತ್ರ ಆಫ್ ಮಾಡಿ, ಅಲ್ಲಿಂದ ನೂರು ಮೀಟರ್ ಆಚೆ ತಂತಿಗೆ ಕಬ್ಬಿಣದ ಸರಳುಗಳನ್ನು ಒರಗಿಸಿ ನೆಲಕ್ಕೆ ತಾಗಿಸಿ. ಯಂತ್ರ ಹಾಕಿದಾಗ ತಂತಿಯ ವೋಲ್ಟ್ 2000ಕ್ಕಿಂತ ಕೆಳಗೆ ಬಂದಿರಬೇಕು. ಈಗ ಕೊನೆಯ ಅರ್ತಿಂಗ್ ಸರಳಿಗೆ ಮೀಟರ್ ಹಿಡಿಯಿರಿ. 300 ವೋಲ್ಟ್ ದಾಟಿದರೆ ಇನ್ನೊಂದು ಸರಳು ಹೊಡೆದು ಮತ್ತೆ ಹಿಡಿದು ನೋಡಿ.