ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುವವರಿಗೆ

ಕೊಡಗಿನ ತಲಕಾವೇರಿಯಲ್ಲಿ ಕಾವೇರಿ ಉಕ್ಕಿ ಬರುವಳೆಂದು ನಂಬುವ ತೀರ್ಥೋದ್ಭವಕ್ಕೆ ಹೋಗಬೇಕೆಂದಿರುವವರು ಮೊದಲು ಗಮನಿಸಬೇಕಾದದ್ದು ದಿನವನ್ನಲ್ಲ, ವೇಳೆಯನ್ನು. ತುಲಾ ಸಂಕ್ರಮಣ ಅಕ್ಟೋಬರ್ 17 ಅಥವಾ 18ರ ಆಸುಪಾಸಿಗೆ ಬರುತ್ತದೆಯಾದರೂ, ಸೂರ್ಯನು ತುಲಾ ರಾಶಿಯನ್ನು ಪ್ರವೇಶಿಸುವ ಗಳಿಗೆ ವರ್ಷದಿಂದ ವರ್ಷಕ್ಕೆ ಸುಮಾರು ಆರು ಗಂಟೆ ಮುಂದಕ್ಕೆ ಸರಿಯುತ್ತದೆ. 2024ರಲ್ಲಿ ಬೆಳಿಗ್ಗೆ 7.40ಕ್ಕೆ ಇದ್ದ ಮುಹೂರ್ತ 2025ರಲ್ಲಿ ಮಧ್ಯಾಹ್ನ 1.44ಕ್ಕೆ ಬಂತು. ನಡುರಾತ್ರಿಯ ವರ್ಷವಾದರೆ ಚಳಿಯ ಸಿದ್ಧತೆಯೇ ಬೇರೆ.

ನಾನು ಅತ್ತೆಯವರೊಡನೆ ಹೋದದ್ದು 2024ರಲ್ಲಿ. ಮಡಿಕೇರಿಯಿಂದ ಭಾಗಮಂಡಲಕ್ಕೆ ಸುಮಾರು 40 ಕಿಲೋಮೀಟರ್, ಅಲ್ಲಿಂದ ತಲಕಾವೇರಿಗೆ ಇನ್ನು 8. ಕಾವೇರಿ, ಕನ್ನಿಕೆ, ಕಣ್ಣಿಗೆ ಕಾಣದ ಸುಜ್ಯೋತಿ ಕೂಡುವ ಸಂಗಮದಲ್ಲಿ ಮಿಂದು, ಭಗಂಡೇಶ್ವರನಿಗೆ ಕೈಮುಗಿದು ಮೇಲಕ್ಕೆ ಹೋಗುವುದು ರೂಢಿ. ಮಳೆ ಬಿಟ್ಟಿತೆಂದು ನಂಬಿ ಕೊಡೆಯನ್ನು ಮನೆಯಲ್ಲೇ ಇಟ್ಟು ಬಂದಿದ್ದೆ. ಆ ತಪ್ಪನ್ನು ನೀವು ಮಾಡಬೇಡಿ. ಬ್ರಹ್ಮಗಿರಿಯ ಮಂಜು ಒಂದೇ ಗಳಿಗೆಯಲ್ಲಿ ಶಾಲನ್ನು ತೋಯಿಸಿಬಿಡುತ್ತದೆ. ನೆಂದ ಕಲ್ಲುಮೆಟ್ಟಿಲು ಜಾರುವುದರಿಂದ ಹಿರಿಯರ ಕೈಬಿಡದಿರಿ.

ಕಾಯುತ್ತಿರುವಾಗ ಅತ್ತೆ ನಾನು ಎಷ್ಟೋ ಸಲ ಕೇಳಿದ್ದ ಕಥೆಯನ್ನೇ ಮತ್ತೆ ಹೇಳಿದರು. ತನ್ನನ್ನು ಒಂಟಿಯಾಗಿ ಬಿಡಬಾರದೆಂಬ ಮಾತು ಪಡೆದು ಕಾವೇರಿ ಅಗಸ್ತ್ಯರನ್ನು ವರಿಸಿದಳು. ಅವರು ಆಕೆಯನ್ನು ಕಮಂಡಲದಲ್ಲಿಟ್ಟು ಸ್ನಾನಕ್ಕೆ ಹೋದಾಗ ಆಕೆ ನದಿಯಾಗಿ ಹರಿದುಬಿಟ್ಟಳು. ಬಲಮುರಿಯಲ್ಲಿ ತಡೆಯಲು ನಿಂತ ಹೆಂಗಸರ ಸೀರೆಯ ನೆರಿಗೆ ಆ ರಭಸಕ್ಕೆ ಹಿಂದಕ್ಕೆ ಸರಿಯಿತು. ಕೊಡವತಿಯರು ಇಂದಿಗೂ ನೆರಿಗೆಯನ್ನು ಹಿಂದೆ ಉಡುವುದು ಅದಕ್ಕೇ ಎನ್ನುತ್ತಾರೆ. ಪ್ರತಿವರ್ಷ ಈ ದಿನ ಬರುತ್ತೇನೆಂದು ಆಕೆ ಕೊಟ್ಟ ಮಾತನ್ನು ನಂಬಿ ಅಲ್ಲಿ ಸಾವಿರಾರು ಜನ ನೆನೆಯುತ್ತ ನಿಂತಿದ್ದರು. ಮಾತು ತಪ್ಪಿದವರು ಋಷಿ, ಉಳಿಸಿಕೊಂಡವಳು ಆಕೆ ಎಂದು ನನಗೆ ಹೊಳೆದದ್ದು ಆಗಲೇ. ಅತ್ತೆಗೆ ಹೇಳಿದರೆ, ಇದು ನಿನಗೆ ಈಗ ಗೊತ್ತಾಯಿತೇ ಎಂದರು.

ತೀರ್ಥ ಉಕ್ಕುವ ಕೊಳ, ಬ್ರಹ್ಮಕುಂಡಿಕೆ, ಬಹಳ ಚಿಕ್ಕದು. ನೀರು ಉಕ್ಕುವುದನ್ನು ಕಣ್ಣಾರೆ ಕಾಣುವೆನೆಂದು ಹೊರಟವರಿಗೆ ಹೆಚ್ಚಾಗಿ ಕಾಣುವುದು ಮುಂದಿನವರ ಬೆನ್ನು. ನಮಗೂ ಅಷ್ಟೆ: ಜಯಕಾರ ಎದ್ದಿತು, ಅರ್ಚಕರು ಎರಚಿದ ತೀರ್ಥದ ನಾಲ್ಕು ಹನಿ ಮುಖಕ್ಕೆ ಬಿತ್ತು. ನೋಡಿದಿರಾ ಎಂದು ಕೇಳಿದ್ದಕ್ಕೆ ಅತ್ತೆ, ಬಂದಳಲ್ಲ, ನೋಡುವುದೇನು ಎಂದರು. ಆದ್ದರಿಂದ ಕುಂಡಿಕೆಯ ಬಳಿಗೆ ನುಗ್ಗಬೇಡಿ. ನೂಕುನುಗ್ಗಲು ಇಳಿದ ಮೇಲೆ ತೀರ್ಥ ನಿಧಾನವಾಗಿ ಸಿಗುತ್ತದೆ.

ಬಿಗಿ ಮುಚ್ಚಳದ ಬಾಟಲಿಗಳನ್ನು ಒಂದೆರಡು ಹೆಚ್ಚೇ ಒಯ್ಯಿರಿ. ಕಣಿ ಪೂಜೆಗೆ ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ವಸ್ತ್ರ, ಒಡವೆ ತೊಡಿಸಿ ಮನೆಯಲ್ಲೇ ಕಾವೇರಮ್ಮನನ್ನು ಕೂರಿಸುವವರು, ಬೆಟ್ಟ ಹತ್ತಲಾಗದ ನೆರೆಯವರು, ಕೊನೆಗಾಲಕ್ಕೆ ಬಾಯಿಗೆ ಬಿಡಲೆಂದು ತೀರ್ಥವನ್ನು ಕಾಪಿಡುವ ಹಿರಿಯರು ನಿಮ್ಮ ದಾರಿ ಕಾಯುತ್ತಿರುತ್ತಾರೆ. ನಾವು ಎರಡೇ ಒಯ್ದಿದ್ದೆವು. ಸಂಜೆಯೊಳಗೆ ಎರಡೂ ಖಾಲಿಯಾಗಿ, ಅತ್ತೆ ತಮಗೆಂದು ಒಂದು ಚಮಚದಷ್ಟನ್ನು ಮಾತ್ರ ಉಳಿಸಿಕೊಂಡರು.