ಖಾಲಿ ಕುರ್ಚಿಯ ಖರ್ಚು

ನನ್ನ ಟೇಬಲ್ಲಿನ ಡ್ರಾದಲ್ಲಿ ಒಂದು ರಟ್ಟಿನ ತುಂಡು ಇದೆ. ಅಲಾಸ್ಕಾದ ಹಳ್ಳಿಗಳಲ್ಲಿ ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಇರುವ ಪೈಲಟ್ ಬ್ರೆಡ್ ಅನ್ನೋ ಗಟ್ಟಿ ಬಿಸ್ಕತ್ತಿನ ಡಬ್ಬಿಯಿಂದ ಹರಿದದ್ದು. ಅದರ ಮೇಲೆ ಪೆನ್ಸಿಲ್‌ನಲ್ಲಿ ಮೂರು ಸಾಲು. ‘ಪೆಟ್ರೋಲ್ 6 ಗ್ಯಾಲನ್. ತಮ್ಮನ ಮಗನ ಸ್ನೋ ಮಷಿನ್. ಎರಡು ರಾತ್ರಿ ನೆಂಟರ ಮನೆ.’ ಕೆಳಗೆ ಸಹಿ. ಸ್ನೋ ಮಷಿನ್ ಅಂದರೆ ಹಿಮದ ಮೇಲೆ ಓಡುವ ಗಾಡಿ.

ಅದು ನನ್ನ ಕೈಗೆ ಬಂದ ದಿನ ನಾನು ಮಾಡಿದ್ದು ಇಷ್ಟೇ: ‘ದಯವಿಟ್ಟು ಸರಿಯಾದ ರಸೀದಿ ಕಳಿಸಿ’ ಅಂತ ಒಂದು ಇಮೇಲ್.

ನಾನು ಇಲ್ಲಿನ ಮೂಲನಿವಾಸಿಗಳ ಒಂದು ಸಂಸ್ಥೆಯಲ್ಲಿ ಅನುದಾನದ ಲೆಕ್ಕ ನೋಡುತ್ತೇನೆ. ಅದರಲ್ಲಿ ಒಂದು ಅನುದಾನ ವಲಸೆ ಹಕ್ಕಿಗಳಿಗೆ ಸಂಬಂಧಿಸಿದ್ದು. ವಸಂತ ಮತ್ತು ಬೇಸಿಗೆಯಲ್ಲಿ ಹಳ್ಳಿಯವರು ಊಟಕ್ಕಾಗಿ ಬಾತು, ಹೆಬ್ಬಾತು ಬೇಟೆಯಾಡುತ್ತಾರೆ, ಮೊಟ್ಟೆ ಆರಿಸುತ್ತಾರೆ. ಅದರ ನಿಯಮಗಳ ಬಗ್ಗೆ ಶಿಫಾರಸು ಮಾಡಲು ಅಲಾಸ್ಕಾ ವಲಸೆ ಹಕ್ಕಿ ಸಹ-ನಿರ್ವಹಣಾ ಮಂಡಳಿ ಇದೆ. 2000ದಲ್ಲಿ ಶುರುವಾದದ್ದು. ಅಲ್ಲಿ ಮೂರೇ ವೋಟು: ಕೇಂದ್ರ ಸರ್ಕಾರಕ್ಕೆ ಒಂದು, ಅಲಾಸ್ಕಾ ರಾಜ್ಯಕ್ಕೆ ಒಂದು, ಮೂಲನಿವಾಸಿಗಳಿಗೆ ಒಂದು. ಬೇರೆ ಬೇರೆ ಪ್ರದೇಶಗಳಿಂದ ಬಂದವರು ಮೊದಲು ತಮ್ಮೊಳಗೆ ಕೂತು ಮಾತಾಡಿ ಆ ಮೂರನೇ ವೋಟು ಏನು ಅಂತ ತೀರ್ಮಾನಿಸುತ್ತಾರೆ. ಅವರನ್ನು ಆ ಕೋಣೆಗೆ ಕರೆತರುವ ಹಣವೇ ನನ್ನ ಲೆಕ್ಕದ ಪುಸ್ತಕದಲ್ಲಿ ಇರೋದು.

ಈ ಕುರ್ಚಿ ಸುಮ್ನೆ ಸಿಕ್ಕಿದ್ದಲ್ಲ. 1916ರಲ್ಲಿ ಅಮೆರಿಕ, ಕೆನಡಾದ ಪರವಾಗಿ ಬ್ರಿಟನ್ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು. ಅದರ ಪ್ರಕಾರ ಮಾರ್ಚ್ 10ರಿಂದ ಸೆಪ್ಟೆಂಬರ್ 1ರವರೆಗೆ ಬೇಟೆ ಬಂದ್. ದಕ್ಷಿಣದ ರಾಜ್ಯಗಳವರಿಗೆ ಅದು ಸರಿ. ಆದರೆ ಉತ್ತರದ ತುದಿಗೆ ಹಕ್ಕಿ ಬರುವುದೇ ಆ ತಿಂಗಳುಗಳಲ್ಲಿ ಅಲ್ವಾ? ಚಳಿಗಾಲದ ದಾಸ್ತಾನು ಮುಗಿದು ತಾಜಾ ಮಾಂಸಕ್ಕೆ ಕಾಯುತ್ತಿದ್ದವರಿಗೆ ಹಕ್ಕಿ ಕಣ್ಣೆದುರೇ ಹಾರುತ್ತಿತ್ತು, ಹೊಡೆದರೆ ಅಪರಾಧ. 1961ರಲ್ಲಿ ಬ್ಯಾರೋ ಊರಿನಲ್ಲಿ (ಈಗ ಉತ್ಕಿಯಾಗ್ವಿಕ್) ಐಡರ್ ಬಾತು ಹೊಡೆದಿದ್ದಕ್ಕೆ ರಾಜ್ಯದ ಶಾಸಕ ಜಾನ್ ನುಸುಂಗಿನ್ಯಾ ಅವರನ್ನೇ ಹಿಡಿದರು. ಆಗ ಊರಿನ 138 ಮಂದಿ ಒಂದೊಂದು ಬಾತು ಹಿಡಿದುಕೊಂಡು ಅಧಿಕಾರಿಯ ಮುಂದೆ ನಿಂತರು. ನಾವೂ ಹೊಡೆದಿದ್ದೇವೆ, ನಮ್ಮನ್ನೂ ಹಿಡಿಯಿರಿ ಅಂತ. ಕೊನೆಗೆ ಮೊಕದ್ದಮೆ ಕೈಬಿಡಬೇಕಾಯಿತು.

ಒಪ್ಪಂದ ಬದಲಾಗಲು ಮತ್ತೆ ಎಷ್ಟೋ ವರ್ಷ ಹಿಡಿಯಿತು. ನಡುವೆ ಪಶ್ಚಿಮ ಅಲಾಸ್ಕಾದ ಯುಕಾನ್-ಕಸ್ಕೊಕ್ವಿಮ್ ಡೆಲ್ಟಾದಲ್ಲಿ ಗೂಡು ಕಟ್ಟುವ ಕ್ಯಾಕ್ಲಿಂಗ್ ಹೆಬ್ಬಾತು 1960ರ ದಶಕದ ಸುಮಾರು 4 ಲಕ್ಷದಿಂದ 1980ರ ದಶಕದ ಆರಂಭಕ್ಕೆ 30 ಸಾವಿರಕ್ಕಿಂತ ಕೆಳಗೆ ಇಳಿಯಿತು. 1984ರಲ್ಲಿ ಡೆಲ್ಟಾದ ಯೂಪಿಕ್ ಮೂಲನಿವಾಸಿಗಳ ಹಳ್ಳಿಗಳವರು, ಇದೇ ಹಕ್ಕಿಯನ್ನು ಚಳಿಗಾಲದಲ್ಲಿ ಹೊಡೆಯುವ ಕ್ಯಾಲಿಫೋರ್ನಿಯಾದವರು, ವನ್ಯಜೀವಿ ಇಲಾಖೆಯವರು ಒಟ್ಟಿಗೆ ಕೂತು ಹೂಪರ್ ಬೇ ಒಪ್ಪಂದ ಮಾಡಿಕೊಂಡರು. ಎಲ್ಲರೂ ಬೇಟೆ ಹಿಡಿತದಲ್ಲಿಟ್ಟರು, ಹಕ್ಕಿ ಮತ್ತೆ ಹೆಚ್ಚಿತು. ನನ್ನ ಪ್ರಕಾರ ಮಂಡಳಿಯ ಬೇರು ಇರುವುದು ಅಲ್ಲೇ. ಕಾನೂನಿನ ಒಳಗೆ ವಸಂತದ ಬೇಟೆ ಶುರುವಾದದ್ದು 2003ರಲ್ಲಿ.

ಈಗ ನನ್ನ ತಪ್ಪಿನ ಕಥೆ. ಆ ವರ್ಷದ ಬಜೆಟ್ ನಾನೇ ಬರೆದಿದ್ದೆ. ಪ್ರತಿ ಪ್ರತಿನಿಧಿಗೆ ವಿಮಾನದ ಟಿಕೆಟ್, ಎರಡು ರಾತ್ರಿ ಹೋಟೆಲ್. ಮೊದಲು ಅವರು ಖರ್ಚು ಮಾಡಬೇಕು, ರಸೀದಿ ಕೊಟ್ಟ ಮೇಲೆ ನಾವು ಹಣ ಕೊಡುತ್ತೇವೆ. ಕಾಗದದ ಮೇಲೆ ಅಚ್ಚುಕಟ್ಟಾಗಿತ್ತು.

ಆ ರಟ್ಟಿನ ತುಂಡು ಕಳಿಸಿದ್ದು ಪ್ರತಿನಿಧಿಗಳಲ್ಲಿ ಒಬ್ಬ ಹಿರಿಯರು. ಅವರ ಹಳ್ಳಿಗೆ ರಸ್ತೆಯೇ ಇಲ್ಲ. ಸಣ್ಣ ವಿಮಾನದಲ್ಲಿ ನಮ್ಮ ತಾಲೂಕು ಕೇಂದ್ರದಂಥ ಊರಿಗೆ ಬರಬೇಕು, ಅಲ್ಲಿಂದ ದೊಡ್ಡ ವಿಮಾನದಲ್ಲಿ ಸಭೆ ನಡೆಯುವ ಆಂಕರೇಜ್ ನಗರಕ್ಕೆ. ಮಂಜು ಮುಸುಕಿ ಅವರೂರಿನ ವಿಮಾನ ರದ್ದಾಯಿತು. ತಮ್ಮನ ಮಗನ ಸ್ನೋ ಮಷಿನ್ ಹತ್ತಿ ಪಕ್ಕದ ಹಳ್ಳಿಗೆ ಹೋಗಿ, ಅಲ್ಲಿ ನೆಂಟರ ಮನೆಯಲ್ಲಿ ಎರಡು ರಾತ್ರಿ ಕಳೆದು ವಿಮಾನ ಹಿಡಿದರು. ಸಭೆಗೆ ಬಂದಾಗ ಮೊದಲ ದಿನ ಮುಗಿದಿತ್ತು. ಪೆಟ್ರೋಲ್ ಅವರ ಜೇಬಿನದು. ನೆಂಟರು ರಸೀದಿ ಕೊಡುತ್ತಾರಾ?

ಮುಂದಿನ ಸಭೆಗೆ ಅವರು ಬರಲಿಲ್ಲ. ಫೋನ್ ಮಾಡಿದೆ. ಸಿಟ್ಟಿರಲಿಲ್ಲ ಅವರಿಗೆ. ‘ಹೋದ ಸಲದ ದುಡ್ಡು ಇನ್ನೂ ಬಂದಿಲ್ಲ ಮಗಳೇ, ಈ ಸಲ ಎಣ್ಣೆಗೆ ಬೇಕು’ ಎಂದರು. ಮನೆ ಬೆಚ್ಚಗಿಡುವ ಎಣ್ಣೆ. ನಾನು ಏನೂ ಹೇಳಲಾಗಲಿಲ್ಲ.

ಆ ಸಭೆಯಲ್ಲಿ ನಮ್ಮ ಪ್ರದೇಶದ ಒಂದು ವಿಷಯ ಇತ್ತು. ಹಕ್ಕಿ ಗೂಡು ಕಟ್ಟುವಾಗ ಪ್ರತಿ ಪ್ರದೇಶದಲ್ಲೂ 30 ದಿನ ಬೇಟೆ ನಿಲ್ಲಿಸಬೇಕು. ಹಿಮ ಬೇಗ ಕರಗುತ್ತಿದೆ, ಮೊಟ್ಟೆ ಬೇಗ ಇಡುತ್ತಿವೆ, ಆ 30 ದಿನ ಈಗ ತಪ್ಪು ಕಾಲಕ್ಕೆ ಬೀಳುತ್ತಿದೆ ಅನ್ನೋದು ಆ ಹಿರಿಯರ ಮಾತು. ಯಾವ ಹೊಳೆಯ ಬದಿಯಲ್ಲಿ, ಯಾವ ವಾರ, ಯಾವ ಹಕ್ಕಿ ಅಂತ ಅವರು ಹೇಳಬಲ್ಲರು. ಅವರಿಲ್ಲದೆ ಹೇಳುವವರು ಯಾರೂ ಇರಲಿಲ್ಲ. ಚರ್ಚೆ ಮುಂದಿನ ವರ್ಷಕ್ಕೆ ಹೋಯಿತು. ಆ ವರ್ಷದ ಕೊನೆಗೆ ನನ್ನ ಪ್ರಯಾಣದ ಲೆಕ್ಕದಲ್ಲಿ ಹಣ ಉಳಿದಿತ್ತು. ಉಳಿಸಿದ್ದಕ್ಕೆ ಆಫೀಸಿನಲ್ಲಿ ನನ್ನನ್ನು ಹೊಗಳಿದರು. ಅದು ಇವತ್ತಿಗೂ ಚುಚ್ಚುತ್ತದೆ.

ನಾನು ಗದಗದ ಕಡೆಯವಳು. ನಮ್ಮ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಈ ಸಲ ಯಾವಾಗ ಇಳಿದವು, ಯಾರ ಹೊಲಕ್ಕೆ ಇಳಿದವು ಅಂತ ಕೇಳಬೇಕಾದರೆ ಸುತ್ತಲಿನ ರೈತರನ್ನೇ ಕೇಳಬೇಕು. ಇದು ಗೊತ್ತಿದ್ದವಳೇ ಇಲ್ಲಿ ಮರೆತುಬಿಟ್ಟೆ.

ಆಮೇಲೆ ನಿಯಮದ ಪುಸ್ತಕ ತೆಗೆದು ಕೂತು ಓದಿದೆ. ಕೇಂದ್ರ ಸರ್ಕಾರದ ಅನುದಾನದಲ್ಲಿ ಹಣವನ್ನು ಮುಂಗಡವಾಗಿ ಪಡೆಯಲು ಅವಕಾಶ ಇದೆ. ಮೊದಲು ಖರ್ಚು ಮಾಡಿ ಅನ್ನೋದು ನಮ್ಮ ಆಫೀಸಿನದೇ ರೂಢಿ, ಯಾರೂ ಪ್ರಶ್ನೆ ಕೇಳಿರಲಿಲ್ಲ ಅಷ್ಟೇ. ಅದನ್ನು ಬದಲಿಸಲು ಮೂರು ತಿಂಗಳು ಹಿಡಿಯಿತು. ಈಗ ಊಟ-ವಸತಿಗೆ ದಿನಕ್ಕಿಷ್ಟು ಅಂತ ನಿಗದಿ ಮಾಡಿ, ಹೊರಡುವ ಮೊದಲೇ ಕೈಗೆ ಕೊಡುತ್ತೇವೆ. ಸ್ನೋ ಮಷಿನ್, ದೋಣಿಯ ಪೆಟ್ರೋಲಿಗೆ ಅವರ ಸಹಿ ಸಾಕು. ಹವಾಮಾನಕ್ಕೆ ಅಂತಲೇ ಬೇರೆ ರಾತ್ರಿಗಳನ್ನು ಇಡುತ್ತೇವೆ. ಏಪ್ರಿಲ್ 2ಕ್ಕೆ ಬೇಟೆಯ ಕಾಲ ಶುರುವಾದ ಮೇಲೆ ಹಳ್ಳಿಯವರಿಂದ ಯಾವ ವರದಿಯನ್ನೂ ಕೇಳುವುದಿಲ್ಲ. ಆಗ ಅವರು ಮನೆಯಲ್ಲೇ ಇರುವುದಿಲ್ಲ.

ಇನ್ನೊಂದು ಬದಲಾವಣೆ ಸಮೀಕ್ಷೆಯದು. ಯಾವ ಹಕ್ಕಿ ಎಷ್ಟು ಹೊಡೆದಿರಿ ಅಂತ ಮನೆಮನೆಗೆ ಹೋಗಿ ಕೇಳುವ ಕೆಲಸ. ಹಿಂದೆ ಹೀಗೆ ಹೇಳಿದ್ದಕ್ಕೆ ಕೇಸು ಬೀಳುತ್ತಿದ್ದ ಕಾಲ ಹಿರಿಯರಿಗೆ ಇನ್ನೂ ನೆನಪಿದೆ. ಹೊರಗಿನವರು ಕೇಳಿದರೆ ಬಾಗಿಲಲ್ಲೇ ಮಾತು ಮುಗಿಯುತ್ತದೆ. ಅದೇ ಊರಿನ ಹುಡುಗಿ ಹಕ್ಕಿಗಳ ಚಿತ್ರ ಹಿಡಿದು ಹೋದರೆ ಒಳಗೆ ಕರೆದು ಟೀ ಕೊಡುತ್ತಾರೆ. ಅವಳ ಸಂಬಳವನ್ನು ಬಜೆಟ್‌ನಲ್ಲಿ ‘ಇತರೆ’ ಅಡಿಯಲ್ಲಿ ಹಾಕುತ್ತಿದ್ದೆವು. ಈಗ ಅದಕ್ಕೆ ಸ್ವಂತ ಸಾಲು ಇದೆ.

ಹಳೇ ಬಾಕಿ ಕೊಟ್ಟ ಮೇಲೆ ಹಿರಿಯರು ಮತ್ತೆ ಬರಲು ಶುರು ಮಾಡಿದರು. ಹೋದ ಸಲ ವಾಪಸ್ ಹೋಗುವಾಗ ಮಂಜಿನಲ್ಲಿ ಮೂರು ರಾತ್ರಿ ಸಿಕ್ಕಿಹಾಕಿಕೊಂಡರು. ಅಲ್ಲಿಂದಲೇ ಫೋನ್ ಮಾಡಿದರು, ದುಡ್ಡಿನ ವಿಷಯಕ್ಕಲ್ಲ. ಕಿಟಕಿಯಿಂದ ವರ್ಷದ ಮೊದಲ ಹೆಬ್ಬಾತು ಕಂಡಿತಂತೆ, ಅದನ್ನು ಹೇಳಲು. ಮುಂದಿನ ವಾರ ಹೊಸ ಅರ್ಜಿ ಕಳಿಸಬೇಕು. ಹವಾಮಾನದ ಸಾಲಿನಲ್ಲಿ ಈ ಸಲ ನಾಲ್ಕು ರಾತ್ರಿ ಬರೆದಿದ್ದೇನೆ.